ಗುಂಡು ಹಲ್ಲು, ತಟ್ಟೆ ಮೈ: ಅಳಿದುಹೋದ ಮೀನಿನ ಬದುಕು ಹೇಳಲು ಇಷ್ಟು ಸಾಕೇ?

ಶಿಲಾಪದರ:
ಪಳೆಯುಳಿಕೆ ಮೀನುಗಳ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳಲ್ಲಿ ಎರಡು ಮಾತು ತಪ್ಪದೆ ಸಿಗುತ್ತವೆ. ಹಲ್ಲು ಗುಂಡಗಿದ್ದರೆ ಅದು ಚಿಪ್ಪು ಒಡೆದು ತಿನ್ನುತ್ತಿದ್ದ ಮೀನು. ಮೈ ತಟ್ಟೆಯಂತೆ ಚಪ್ಪಟೆಯಾಗಿದ್ದರೆ ಅದು ಹವಳದ ದಿಬ್ಬಗಳ ಸಂದಿಯಲ್ಲಿದ್ದ ಮೀನು. ಎರಡೂ ಎಷ್ಟೋ ಸಲ ನಿಜವೇ. ಯಾವಾಗ ಸುಳ್ಳಾಗುತ್ತವೆ, ಯಾಕೆ ಸುಳ್ಳಾಗುತ್ತವೆ ಎಂಬುದನ್ನು ಒಂದೇ ಕಡೆ ಕೂಡಿಸಿಡೋಣ ಎಂದು ಈ ಚರ್ಚೆ ತೆರೆದಿದ್ದೇನೆ.

ಪಿಕ್ನೊಡಾಂಟ್‌ಗಳಿಂದ ಶುರುಮಾಡೋಣ. ಟ್ರಯಾಸಿಕ್ ಯುಗದ ಕೊನೆಯಿಂದ ಇಯೊಸೀನ್‌ವರೆಗೆ, ಸುಮಾರು 17 ಕೋಟಿ ವರ್ಷ ಬಾಳಿದ ಗುಂಪು ಇದು. ಡೈನೋಸಾರ್‌ಗಳನ್ನು ಮುಗಿಸಿದ ಮಹಾವಿನಾಶವನ್ನೂ ದಾಟಿ ಬಂದ ಮೀನುಗಳು. ಬಹುಪಾಲು ಜಾತಿಗಳ ಮೈ ಎತ್ತರ, ಪಕ್ಕದಿಂದ ಪಕ್ಕಕ್ಕೆ ತೆಳು, ಬೆನ್ನುರೆಕ್ಕೆ ಮತ್ತು ಗುದರೆಕ್ಕೆ ಉದ್ದಕ್ಕೂ ಹರಡಿವೆ. ಬಾಯಿಯ ಮುಂಭಾಗದಲ್ಲಿ ಕೆಲವೇ ಕೆಲವು ಬಾಚಿಹಲ್ಲಿನಂಥವು, ಹಿಂದೆ ಸಾಲುಸಾಲಾಗಿ ಗುಂಡು ಅಥವಾ ಅವರೆಬೀಜದಾಕಾರದ ಹಲ್ಲುಗಳು. ಮೇಲಿನ ಸಾಲುಗಳು ಅಂಗುಳಿನ ನಡುವಿರುವ ವೋಮರ್ ಎಂಬ ಒಂಟಿ ಮೂಳೆಯ ಮೇಲೆ ಕೂತಿರುತ್ತವೆ, ಕೆಳಗಿನವು ಕೆಳದವಡೆಯ ಒಳಬದಿಯ ಪ್ರಿಆರ್ಟಿಕ್ಯುಲರ್ ಮೂಳೆಗಳ ಮೇಲೆ. ಬಾಯಿ ಮುಚ್ಚಿದಾಗ ಎಡಬಲದ ಎರಡು ಪ್ರಿಆರ್ಟಿಕ್ಯುಲರ್ ಸೇರಿ ಆಗುವ ತಗ್ಗಿಗೆ ವೋಮರಿನ ಉಬ್ಬು ಬಂದು ಕೂರುತ್ತದೆ, ಒರಳಿಗೆ ಗುಂಡುಕಲ್ಲು ಕೂತ ಹಾಗೆ.

ಹಳೆಯ ಪುಸ್ತಕಗಳನ್ನು ಓದುವವರಿಗೆ ಒಂದು ಮಾತು: ಅಲ್ಲಿ ಕೆಳದವಡೆಯ ಈ ಮೂಳೆಯನ್ನು ‘ಸ್ಪ್ಲೀನಿಯಲ್’ ಎಂದು ಕರೆದಿರುತ್ತಾರೆ. ಅದೂ ಇದೂ ಒಂದೇ. ಬೇರೆ ಮೂಳೆ ಎಂದುಕೊಂಡು ಎರಡು ಸಲ ಲೆಕ್ಕ ಹಿಡಿಯಬೇಡಿ.

ಬಂದರುಕಟ್ಟೆ:
ಒಳ್ಳೆಯ ವಿಷಯ ಎತ್ತಿದ್ದೀರಿ. ಮೈ ಆಕಾರದ ಮಾತಿಗೆ ನಮ್ಮ ಕರಾವಳಿಯ ಮೀನುಗಳಲ್ಲೇ ಉತ್ತರ ಇದೆ. ಬಂಗುಡೆಯನ್ನು ಅಳೆದು ನೋಡಿ: ಉದ್ದ ಎತ್ತರದ ನಾಲ್ಕರಿಂದ ಐದು ಪಟ್ಟು ಬರುತ್ತದೆ. ನೀರಿನ ಎಳೆತ ಅತಿ ಕಡಿಮೆಯಾಗುವುದು ಮೈಯ ಉದ್ದ ಅದರ ದಪ್ಪದ ಸುಮಾರು 4.5 ಪಟ್ಟು ಇದ್ದಾಗ. ಹಾಗಾಗಿ ಬಂಗುಡೆ ದಿನವಿಡೀ ಈಜುವ ಮೀನು ಎಂದು ಆಕಾರ ನೋಡಿಯೇ ಹೇಳಬಹುದು, ಅದು ತಪ್ಪಾಗುವುದಿಲ್ಲ.

ಈಗ ಮಾಂಜಿ, ಅಂದರೆ ಪಾಂಫ್ರೆಟ್, ತೆಗೆದುಕೊಳ್ಳಿ. ಮೈ ತಟ್ಟೆಯಷ್ಟೇ ಅಗಲ. ಮೇಲೆ ಹೇಳಿದ ಸೂತ್ರದಂತೆ ಅದು ಹವಳದ ಸಂದಿಯಲ್ಲಿ ಸುಳಿದಾಡಬೇಕು, ಚಿಪ್ಪು ಒಡೆಯಬೇಕು. ಹಾಗೇನೂ ಇಲ್ಲ. ತೆರೆದ ನೀರಿನಲ್ಲಿ ಗುಂಪುಗುಂಪಾಗಿ ಇದ್ದುಕೊಂಡು ತೇಲುವ ಸಣ್ಣ ಜೀವಿಗಳನ್ನೂ ಮೆತ್ತನೆಯ ಜೆಲ್ಲಿಯಂಥವುಗಳನ್ನೂ ತಿನ್ನುತ್ತದೆ. ಹಲ್ಲು ಕಣ್ಣಿಗೆ ಬೀಳದಷ್ಟು ಸಣ್ಣ. ಮಾಂಜಿಯ ಅಸ್ಥಿಪಂಜರ ಮಾತ್ರ ಸಿಕ್ಕಿ, ಬಾಯಿಯ ಭಾಗ ಒಡೆದುಹೋಗಿದ್ದರೆ ನಾವು ಎಂಥ ತಪ್ಪು ತೀರ್ಮಾನಕ್ಕೆ ಬರುತ್ತಿದ್ದೆವು ಯೋಚಿಸಿ.

ಇನ್ನೊಂದು ಕಡೆಯಿಂದಲೂ ಹೇಳುತ್ತೇನೆ. ಕಾಟ್ಲಾ, ಗೆಂಡೆ ಮೀನುಗಳ ದವಡೆಯಲ್ಲಿ ಒಂದೂ ಹಲ್ಲಿಲ್ಲ. ಅರೆಯುವ ಹಲ್ಲೆಲ್ಲ ಗಂಟಲಲ್ಲಿ, ಕಿವಿರಿನ ಕೊನೆಯ ಕಮಾನಿನ ಮೇಲೆ. ಪಳೆಯುಳಿಕೆಯಲ್ಲಿ ದವಡೆ ಬೋಳಾಗಿದೆ ಎಂದ ಮಾತ್ರಕ್ಕೆ ಅದು ಹಲ್ಲಿಲ್ಲದ ಮೀನು ಎಂದು ಬರೆಯಬೇಡಿ. ಕಿವಿರುಮುಚ್ಚಳದ ಅಡಿಯಲ್ಲಿ ಏನಿದೆ ಎಂದು ನೋಡಿದ ಮೇಲೆ ಬರೆಯಿರಿ.

ಸನ್ನೆಕೋಲು:
ಬಂದರುಕಟ್ಟೆಯವರ ಮಾಂಜಿ ಉದಾಹರಣೆಗೆ ನೂರಕ್ಕೆ ನೂರು ಒಪ್ಪಿಗೆ. ಅದಕ್ಕೇ ‘ಅಗಲ ಮೈ’ ಎಂದು ಬಾಯಲ್ಲಿ ಹೇಳಿ ಬಿಡುವ ಬದಲು ಅಳತೆಗಳನ್ನು ಬಿಡಿಬಿಡಿಯಾಗಿ ಇಡಬೇಕು. ನಾನು ಶಿಫಾರಸು ಮಾಡುವುದು ಮೂರು.

ಒಂದು, ಮೈ ಎತ್ತರ ಮತ್ತು ಉದ್ದದ ಪ್ರಮಾಣ. ಉದ್ದವನ್ನು ಮೂತಿಯ ತುದಿಯಿಂದ ಬಾಲದ ರೆಕ್ಕೆ ಶುರುವಾಗುವ ಮೂಳೆಯವರೆಗೆ ಮಾತ್ರ ಅಳೆಯಿರಿ. ರೆಕ್ಕೆಯ ತುದಿ ಕಲ್ಲಿನಲ್ಲಿ ಬಹಳ ಸಲ ಮುರಿದಿರುತ್ತದೆ. ಅದನ್ನು ಸೇರಿಸಿದರೆ ಒಂದೇ ಜಾತಿಯ ಎರಡು ಮಾದರಿಗಳಿಗೆ ಎರಡು ಪ್ರಮಾಣ ಬರುತ್ತದೆ.

ಎರಡು, ಬಾಲದ ರೆಕ್ಕೆಯ ಪ್ರಮಾಣ: ರೆಕ್ಕೆಯ ಎತ್ತರವನ್ನು ಅದರಿಂದಲೇ ಗುಣಿಸಿ, ರೆಕ್ಕೆಯ ವಿಸ್ತೀರ್ಣದಿಂದ ಭಾಗಿಸಿ. ಟ್ಯೂನಾದಂಥ ಓಟಗಾರರಿಗೆ 6ಕ್ಕೂ ಮೇಲೆ ಬರುತ್ತದೆ, ನಿಂತಲ್ಲೇ ತಿರುಗಾಡುವ ಮೀನುಗಳಿಗೆ 1ರಿಂದ 2. ಬಾಲದ ಬುಡ ಎಷ್ಟು ಸಪೂರ ಎಂಬುದನ್ನೂ ಪಕ್ಕದಲ್ಲಿ ಬರೆದಿಡಿ.

ಮೂರನೆಯದು ದವಡೆಯ ಸನ್ನೆ, ಅಂದರೆ ದವಡೆ ಸನ್ನೆಕೋಲಿನಂತೆ ಬಲ ದಾಟಿಸುವ ಪ್ರಮಾಣ. ಇದೇ ಮುಖ್ಯ. ಕೆಳದವಡೆಯ ಕೀಲಿನಿಂದ ಬಾಯಿ ಮುಚ್ಚುವ ಸ್ನಾಯು ಅಂಟುವ ಜಾಗದ ನಡುವಿನವರೆಗೆ ಒಂದು ಅಳತೆ, ಅದೇ ಕೀಲಿನಿಂದ ಹಲ್ಲಿನ ತುದಿಯವರೆಗೆ ಇನ್ನೊಂದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಲೆಕ್ಕ ತೋರಿಸಲು ಸುಮ್ಮನೆ ಸಂಖ್ಯೆ ಇಟ್ಟುಕೊಳ್ಳೋಣ: ಸ್ನಾಯುವಿನ ದೂರ 18 ಮಿ.ಮೀ., ಮುಂದಿನ ಹಲ್ಲಿನ ದೂರ 40 ಮಿ.ಮೀ., ಹಿಂದಿನ ಗುಂಡು ಹಲ್ಲಿನ ದೂರ 20 ಮಿ.ಮೀ. ಮುಂದಿನ ಹಲ್ಲಿಗೆ 0.45, ಹಿಂದಿನದಕ್ಕೆ 0.90. ಅಂದರೆ ಸ್ನಾಯು ಎಳೆದ ಬಲದ ಹತ್ತರಲ್ಲಿ ಒಂಬತ್ತು ಪಾಲು ಹಿಂದಿನ ಹಲ್ಲಿಗೇ ತಲುಪುತ್ತದೆ. ಅಡಿಕೆಯನ್ನು ಅಡಕತ್ತರಿಯ ತುದಿಯಲ್ಲಿ ಇಟ್ಟು ಒತ್ತುವುದಕ್ಕೂ ಕೀಲಿನ ಹತ್ತಿರ ಇಟ್ಟು ಒತ್ತುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ. ಚುರುಕಾಗಿ ಬಾಯಿ ಮುಚ್ಚಿ ಓಡುವ ಬೇಟೆಯನ್ನು ಹಿಡಿಯುವ ಮೀನುಗಳಲ್ಲಿ ಈ ಸಂಖ್ಯೆ 0.2ರ ಆಸುಪಾಸು ಅಥವಾ ಕೆಳಗೆ ಇರುತ್ತದೆ. ಅಲ್ಲಿ ಬಲ ಕಡಿಮೆ, ವೇಗ ಹೆಚ್ಚು.

ಪಿಕ್ನೊಡಾಂಟ್‌ಗಳ ಕೆಳದವಡೆಯಲ್ಲಿ ಸ್ನಾಯು ಅಂಟಲು ಮೇಲಕ್ಕೆ ಚಾಚಿದ ಎತ್ತರದ ಮೂಳೆಯ ಚಾಚು ಇದೆ. ದವಡೆ ಮೋಟು. ಬಲಕ್ಕಾಗಿಯೇ ರೂಪುಗೊಂಡ ಬಾಯಿ ಅದು. ಹಲ್ಲಿನ ಗುಂಡಗಿನ ಆಕಾರಕ್ಕಿಂತ ನನಗೆ ಈ ಸನ್ನೆಯೇ ಹೆಚ್ಚು ನಂಬಿಕೆಯ ಸಾಕ್ಷಿ.

ಕೂರ್ಮಶಿಲೆ:
ಸನ್ನೆಕೋಲು ಅವರೇ, ಅಳತೆ ಸರಿ. ಕಲ್ಲು ಮೀನಿಗೆ ಏನು ಮಾಡಿದೆ ಎಂದು ನೋಡದೆ ಅಳೆಯಲು ಕೂತರೆ ಮಾತ್ರ ಎಲ್ಲ ಸಂಖ್ಯೆಯೂ ದಾರಿ ತಪ್ಪಿಸುತ್ತದೆ.

ಪಕ್ಕದಿಂದ ತೆಳುವಾದ ಮೀನು ಸತ್ತು ತಳ ಸೇರಿದಾಗ ಮಗ್ಗುಲಾಗಿ ಮಲಗುತ್ತದೆ. ಮೇಲೆ ಕೆಸರು ಕೂತು ಒತ್ತಿದಾಗ ಅದರ ಎತ್ತರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಕಳೆದುಹೋಗುವುದು ದಪ್ಪ ಮಾತ್ರ. ದುಂಡು ಮೈಯ ಮೀನಿನ ಕತೆ ಬೇರೆ. ಅದು ಓರೆಯಾಗಿ ಕುಸಿಯುತ್ತದೆ, ಪಕ್ಕೆಲುಬುಗಳು ಹೊರಕ್ಕೆ ಹರಡಿಕೊಳ್ಳುತ್ತವೆ, ಇದ್ದದ್ದಕ್ಕಿಂತ ಅಗಲವಾಗಿ ಕಾಣುತ್ತದೆ. ಹೀಗಾಗಿ ಒಂದೇ ಚಪ್ಪಡಿಯ ಮೇಲೆ ಬಿದ್ದ ಎರಡು ಮೀನುಗಳ ಎತ್ತರವನ್ನು ನೇರ ಹೋಲಿಸುವುದು ಅಪಾಯ. ಎಡಬಲದ ಮೂಳೆಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆಯೇ ಎಂದು ಮೊದಲು ನೋಡಿ. ಎರಡು ಕಣ್ಣುಗುಳಿಗಳು ಒಂದಕ್ಕೊಂದು ಜರುಗಿದ್ದರೆ ಮೈ ಓರೆಯಾಗಿ ಕುಸಿದಿದೆ ಎಂದೇ ಅರ್ಥ. ಆ ಮಾದರಿಯನ್ನು ಎತ್ತರದ ಲೆಕ್ಕದಿಂದ ಕೈಬಿಡಬೇಕು.

ಬೆನ್ನೆಲುಬು ಬಿಲ್ಲಿನಂತೆ ಬಾಗಿದ ಮೀನುಗಳು ಜರ್ಮನಿಯ ಜೋಲ್ನ್‌ಹೋಫನ್ ಸುಣ್ಣಕಲ್ಲಿನಲ್ಲಿ ಬೇಕಾದಷ್ಟಿವೆ. ಅಂಥದ್ದರ ಉದ್ದವನ್ನು ನೇರಗೆರೆಯಲ್ಲಿ ಅಳೆದರೆ ಕಡಿಮೆ ಬರುತ್ತದೆ, ಮೀನು ಇರುವುದಕ್ಕಿಂತ ಎತ್ತರ ಎನಿಸುತ್ತದೆ. ಬೆನ್ನೆಲುಬಿನ ಗುಂಟ ದಾರ ಇಟ್ಟು ಅಳೆಯಿರಿ, ಇಲ್ಲವೇ ಚಿತ್ರದ ಮೇಲೆ ವಕ್ರರೇಖೆ ಎಳೆದು.

ಚಿತ್ರ ಅಂದೆ, ಅದನ್ನೂ ಹೇಳಿಬಿಡುತ್ತೇನೆ. ಕ್ಯಾಮೆರಾ ಚಪ್ಪಡಿಗೆ ಲಂಬವಾಗಿರಬೇಕು, ಅಳತೆಪಟ್ಟಿ ಮೀನಿನ ಮಟ್ಟದಲ್ಲೇ ಇರಬೇಕು. ಚಪ್ಪಡಿ ಎರಡು ಇಂಚು ದಪ್ಪವಿದ್ದು ಪಟ್ಟಿಯನ್ನು ಮೇಜಿನ ಮೇಲೆ ಇಟ್ಟರೆ ಅಳತೆಯೆಲ್ಲ ಹಿಗ್ಗುತ್ತದೆ. ಮೊಬೈಲಿನ ಅಗಲ ಮಸೂರ ಅಂಚುಗಳನ್ನು ಎಳೆಯುತ್ತದೆ. ಸ್ವಲ್ಪ ದೂರ ನಿಂತು ಹಿಗ್ಗಿಸಿ ತೆಗೆಯಿರಿ. ಆಮೇಲೆ ಗುರುತುಬಿಂದು ಇಡುವ ಕೆಲಸ: ಮೂತಿಯ ತುದಿ, ಕಣ್ಣುಗುಳಿಯ ನಡು, ದವಡೆಯ ಕೀಲು, ಬೆನ್ನುರೆಕ್ಕೆಯ ಮೊದಲ ಮತ್ತು ಕೊನೆಯ ಕಡ್ಡಿ, ಗುದರೆಕ್ಕೆಯದೂ ಹಾಗೇ, ಬಾಲದ ಬುಡದ ಮೇಲು-ಕೆಳಗು. ಒಂದೇ ಮಾದರಿಗೆ ಬೇರೆ ಬೇರೆ ದಿನ ಐದು ಸಲ ಬಿಂದು ಇಟ್ಟು ನೋಡಿ. ಆ ಐದರ ನಡುವಿನ ಚದುರುವಿಕೆ ಎರಡು ಜಾತಿಗಳ ನಡುವಿನ ವ್ಯತ್ಯಾಸದಷ್ಟೇ ಇದ್ದರೆ ನೀವು ಅಳೆಯುತ್ತಿರುವುದು ನಿಮ್ಮ ಕೈನಡುಕವನ್ನು, ಮೀನನ್ನಲ್ಲ.

ಶಿಲಾಪದರ:
ಕೂರ್ಮಶಿಲೆಯವರ ಮಾತಿಗೆ ತಕ್ಕ ನಿದರ್ಶನ ಇಟಲಿಯ ವೆರೋನಾ ಬಳಿಯ ಮಾಂಟೆ ಬೋಲ್ಕಾದಲ್ಲಿದೆ. ಸುಮಾರು 5 ಕೋಟಿ ವರ್ಷ ಹಿಂದಿನ ಇಯೊಸೀನ್ ಸುಣ್ಣಕಲ್ಲು, ಪಿಕ್ನೊಡಾಂಟ್‌ಗಳ ಕೊನೆಯ ದಿನಗಳ ದಾಖಲೆ. ಅಲ್ಲಿಯ ಪಿಕ್ನೊಡಸ್ ಎಂಬ ಪಿಕ್ನೊಡಾಂಟ್ ಮೀನಿನ ಮಾದರಿಗಳಿಗೆ ಹಿಂದಿನವರು ಆಕಾರ ನೋಡಿ ಬೇರೆ ಬೇರೆ ಜಾತಿಯ ಹೆಸರು ಕೊಟ್ಟಿದ್ದರು. 2018ರಲ್ಲಿ 50ಕ್ಕೂ ಹೆಚ್ಚು ಮಾದರಿಗಳಿಗೆ ಹೀಗೆ ಗುರುತುಬಿಂದು ಇಟ್ಟು ನೋಡಿದಾಗ, ಬೆರಳುದ್ದದ ಮರಿಯಿಂದ ಒಂದಡಿಯ ಮೀನಿನವರೆಗೆ ಎಲ್ಲವೂ ಒಂದರೊಳಗೊಂದು ಬೆರೆತುಹೋದವು. ಸ್ಪಷ್ಟ ಗುಂಪುಗಳು ಬೀಳಲೇ ಇಲ್ಲ. ಒಂದೇ ಬಗೆಯ ಮೀನಿನೊಳಗಿನ ಏರುಪೇರು ಅದು. ಮೈ ಆಕಾರದ ಮೇಲೆ ಜಾತಿ ಕಟ್ಟುವ ಮುನ್ನ ಒಂದು ಜಾತಿಯೊಳಗೇ ಎಷ್ಟು ಏರುಪೇರು ಇದೆ ಎಂದು ತಿಳಿಯಬೇಕು.

ಬಂದರುಕಟ್ಟೆ:
ಇನ್ನೊಂದು: ಮೈಯೇ ಸಿಗದ ಮೀನಿಗೆ ಮೈ ಕೊಡುವ ಕೆಲಸವೂ ಆಗಿದೆ. ಡೈನೋಸಾರ್‌ಗಳಿಗೂ ಬಹಳ ಹಿಂದಿನ ಡೆವೋನಿಯನ್ ಯುಗದ ಮೀನು ಡಂಕ್ಲಿಯೋಸ್ಟಿಯಸ್‌ನ ತಲೆ ಮತ್ತು ಎದೆಯ ಮೂಳೆಕವಚ ಅಮೆರಿಕದ ಓಹಿಯೋದಲ್ಲಿ ಸಿಕ್ಕಿದೆ, ಹಿಂದಿನ ಮೈ ಇಲ್ಲ. ಎಷ್ಟೋ ಪುಸ್ತಕಗಳು ಅದಕ್ಕೆ 6 ಮೀಟರ್, 8 ಮೀಟರ್, ಇನ್ನೂ ಹೆಚ್ಚು ಉದ್ದ ಕೊಟ್ಟವು. 2023ರಲ್ಲಿ ಕಣ್ಣುಗುಳಿಯ ಹಿಂದಿನ ತಲೆಯ ಅಳತೆಯನ್ನು ಬೇರೆ ನೂರಾರು ಮೀನುಗಳ ಜತೆ ಹೋಲಿಸಿ ಲೆಕ್ಕ ಹಾಕಿದಾಗ ಬಂದದ್ದು ಸುಮಾರು 3.4 ಮೀಟರ್, ಅತಿ ದೊಡ್ಡದಕ್ಕೆ 4 ಮೀಟರ್ ಚಿಲ್ಲರೆ. ಉದ್ದ ಕಡಿಮೆ, ಮೈ ಗಡುತರ. ಅಂದಹಾಗೆ ಅದಕ್ಕೆ ನಿಜವಾದ ಹಲ್ಲೇ ಇಲ್ಲ. ದವಡೆಯ ಮೂಳೆಯೇ ಅಲಗಾಗಿದೆ, ಮೇಲಿನದೂ ಕೆಳಗಿನದೂ ಒಂದನ್ನೊಂದು ಉಜ್ಜಿ ಹರಿತವಾಗುತ್ತಿದ್ದವು.

ಆಮ್ಲತೊಟ್ಟಿ:
ಹಲ್ಲನ್ನು ಕಲ್ಲಿನಿಂದ ಬಿಡಿಸುವ ವಿಧಾನ ಇಲ್ಲಿ ಯಾರೂ ಹೇಳಿಲ್ಲ. ಬಿಡಿಸುವಾಗಲೇ ಅರ್ಧ ಸಾಕ್ಷಿ ಹಾಳಾಗುವುದರಿಂದ ಬರೆಯುತ್ತಿದ್ದೇನೆ.

ಸುಣ್ಣಕಲ್ಲಿಗೆ ಅಸಿಟಿಕ್ ಆಮ್ಲ. ಮೂಳೆ, ಹಲ್ಲು ಫಾಸ್ಫೇಟ್, ಕಲ್ಲು ಕಾರ್ಬೊನೇಟ್. ದುರ್ಬಲ ಅಸಿಟಿಕ್ ಆಮ್ಲ ಕಲ್ಲನ್ನು ಬೇಗ ತಿನ್ನುತ್ತದೆ, ಮೂಳೆಯನ್ನು ನಿಧಾನ. ನಾಜೂಕಿನದಕ್ಕೆ 5 ಶೇಕಡಾ, ಗಟ್ಟಿಯದಕ್ಕೆ 10ರವರೆಗೆ, ಅದರ ಮೇಲೆ ಬೇಡ. ನೀರಿಗೆ ಆಮ್ಲ ಸುರಿಯಬೇಕು, ಆಮ್ಲಕ್ಕೆ ನೀರಲ್ಲ. ಗಟ್ಟಿ ಆಮ್ಲದ ಆವಿ ಕಣ್ಣು, ಶ್ವಾಸಕೋಶ ಸುಡುತ್ತದೆ, ಗಾಳಿಯಾಡುವ ಜಾಗ, ಕೈಗವಸು, ಕನ್ನಡಕ ಕಡ್ಡಾಯ. ಲೀಟರಿಗೆ ಸುಮಾರು 1 ಗ್ರಾಂ ಕ್ಯಾಲ್ಸಿಯಂ ಫಾಸ್ಫೇಟ್ ಮೊದಲೇ ಕರಗಿಸಿಟ್ಟರೆ ಮೂಳೆಯಿಂದ ಫಾಸ್ಫೇಟ್ ಎಳೆಯುವುದು ತಗ್ಗುತ್ತದೆ.

ಒಂದೆರಡು ದಿನ ಇಟ್ಟು ತೆಗೆಯಿರಿ. ಆಮ್ಲದಲ್ಲಿ ಇದ್ದ ಸಮಯದ ಮೂರು ಪಟ್ಟು ಹೊತ್ತು ಹರಿವ ನೀರಿನಲ್ಲಿ ತೊಳೆಯಿರಿ. ಎಲ್ಲರೂ ಅವಸರ ಮಾಡುವುದು ಇಲ್ಲೇ. ಒಳಗೆ ಉಳಿದ ಕ್ಯಾಲ್ಸಿಯಂ ಅಸಿಟೇಟ್ ಒಣಗಿದಾಗ ಹರಳುಗಟ್ಟುತ್ತದೆ, ಹರಳು ಬೆಳೆಯುತ್ತ ಮೂಳೆಯನ್ನು ಒಳಗಿನಿಂದಲೇ ಸೀಳುತ್ತದೆ. ಒಣಗಿಸಿದ ಮೇಲೆ ಬಿಳಿ ಹತ್ತಿಯಂಥ ಪುಡಿ ಕಂಡರೆ ಮತ್ತೆ ನೀರಿಗೆ ಹಾಕಿ. ಸರಿಯಾಗಿ ಒಣಗಿದ ಮೇಲೆ ತೆರೆದುಕೊಂಡ ಮೂಳೆಗೆ ಅಸಿಟೋನ್‌ನಲ್ಲಿ ಕರಗಿಸಿದ 5 ಶೇಕಡಾ ಪ್ಯಾರಾಲಾಯ್ಡ್ ಬಿ-72 (ಮೂಳೆ ಗಟ್ಟಿಮಾಡುವ ಪಾರದರ್ಶಕ ಅಕ್ರಿಲಿಕ್ ರಾಳ) ಬಳಿದು, ಅದು ಒಣಗಿದ ನಂತರ ಮುಂದಿನ ಸುತ್ತು. ಮೂಳೆ ಒದ್ದೆ ಇರುವಾಗಲೇ ಬಳಿದರೆ ಬಿಳಿಚಿಕೊಳ್ಳುತ್ತದೆ, ಹಿಡಿಯುವುದೂ ಇಲ್ಲ.

ತೆಳು ಮೀನಿಗೆ ಇನ್ನೊಂದು ದಾರಿ: ಕಾಣುವ ಮಗ್ಗುಲನ್ನು ಪಾರದರ್ಶಕ ರಾಳದಲ್ಲಿ ಹುದುಗಿಸಿ, ಹಿಂದಿನ ಕಲ್ಲನ್ನು ಆಮ್ಲದಲ್ಲಿ ಕರಗಿಸುವುದು. ಟೂಂಬ್ಸ್ ಮತ್ತು ರಿಕ್ಸನ್ 1950ರಲ್ಲಿ ಪ್ರಕಟಿಸಿದ ವಿಧಾನ. ಕಲ್ಲೊಳಗೆ ಅಡಗಿದ್ದ ಮಗ್ಗುಲು ಹೊರಬರುತ್ತದೆ, ಅದು ಸಾಮಾನ್ಯವಾಗಿ ಸವೆಯದ ಮಗ್ಗುಲು. ರಾಳವನ್ನು ಒಂದೇ ಸಲ ದಪ್ಪಕ್ಕೆ ಸುರಿದರೆ ಗಟ್ಟಿಯಾಗುವಾಗ ಬಿಸಿಯೇರಿ ಬಿರುಕು ಬಿಡುತ್ತದೆ. ತೆಳು ಪದರ ಪದರವಾಗಿ ಹಾಕಿ.

ಜೇಡಿಗೆ ಆಮ್ಲ ಬೇಡ. ಚೆನ್ನಾಗಿ, ಪೂರ್ತಿ ಒಣಗಿಸಿ. ಸೀಮೆಎಣ್ಣೆಯಲ್ಲಿ ನೆನೆಸಿ, ಎಣ್ಣೆ ಬಸಿದು ನೀರು ಹಾಕಿ. ಗಂಟು ತಾನಾಗಿ ಕುಸಿದು ಕೆಸರಾಗುತ್ತದೆ. ತೇವ ಉಳಿದಿದ್ದರೆ ಎಣ್ಣೆ ಒಳಗೆ ಇಳಿಯುವುದೇ ಇಲ್ಲ, ಗಂಟು ಗಂಟಾಗಿಯೇ ಇರುತ್ತದೆ. ಆಮೇಲೆ 2 ಮಿ.ಮೀ., 1 ಮಿ.ಮೀ., 0.5 ಮಿ.ಮೀ. ಜರಡಿಗಳನ್ನು ಒಂದರ ಕೆಳಗೊಂದು ಇಟ್ಟು ತೊಳೆಯಿರಿ. 2 ಮಿ.ಮೀ. ಜರಡಿಯೊಂದನ್ನೇ ಬಳಸಿ ‘ಇಲ್ಲಿ ದೊಡ್ಡ ಹಲ್ಲಿನ ಮೀನುಗಳೇ ಇದ್ದವು’ ಎಂದು ಬರೆದರೆ ಅದು ಜರಡಿಯ ಕತೆ, ಕಡಲಿನ ಕತೆಯಲ್ಲ.

ಗಂಟಲುಹಲ್ಲು:
ಜರಡಿಯಲ್ಲಿ ಉಳಿದ ಬಿಡಿ ಗುಂಡು ಹಲ್ಲು ಯಾವ ಮೀನಿನದು? ತಪ್ಪು ಹೆಸರು ಅತಿ ಹೆಚ್ಚು ಅಂಟುವುದು ಇಲ್ಲಿ. ಮಣಿಯಂಥ ಹಲ್ಲೆಲ್ಲ ಪಿಕ್ನೊಡಾಂಟ್ ಅಲ್ಲ.

ಹಲ್ಲನ್ನು ತಿರುಗಿಸಿ ಬುಡ ನೋಡಿ. ಬುಡದಲ್ಲಿ ಬಾಚಣಿಗೆಯಂತೆ ಸಾಲು ತೋಡುಗಳಿದ್ದರೆ ಅದು ತೊರಕೆಯ ಬಂಧುಗಳಾದ ಹದ್ದುತೊರಕೆ ಗುಂಪಿನದು, ಮೇಲ್ಭಾಗ ಸಾಮಾನ್ಯವಾಗಿ ಆರುಮೂಲೆಯ ಹಾಸುಗಲ್ಲಿನಂತೆ. ನೆತ್ತಿಯಲ್ಲಿ ಅಡ್ಡಡ್ಡ ಏಣುಗಳಿದ್ದು ಬುಡ ದಿಮ್ಮಿಯಂತಿದ್ದರೆ ಟೈಕೋಡಸ್ ಎಂಬ ಶಾರ್ಕ್. ಗುಂಡಗಿದ್ದು, ಸವೆಯದ ಹಲ್ಲಿನ ನೆತ್ತಿಯ ನಡುವೆ ಮೊನೆಯಂಥ ಸಣ್ಣ ಗುಬುಟು ಇದ್ದರೆ ಲೆಪಿಡೋಟಿಸ್ ಎಂಬ ಅಳಿದುಹೋದ ಮೀನಿನ ಬಳಗ. ಅವರೆಬೀಜದಂತೆ ಅಡ್ಡ ಉದ್ದವಾಗಿ, ಬುಡ ಬಟ್ಟಲಿನಂತೆ ಟೊಳ್ಳಾಗಿ, ಸವೆಯದ ನೆತ್ತಿಯಲ್ಲಿ ಒಂದು ಕಾಲುವೆ ಅಥವಾ ಸುಕ್ಕಿನ ಅಂಚು ಇದ್ದರೆ ಪಿಕ್ನೊಡಾಂಟ್ ಎನ್ನಬಹುದು. ಪೂರ್ತಿ ಸವೆದ ಒಂಟಿ ದುಂಡು ಹಲ್ಲಿಗೆ ಹೆಸರು ಕೊಡದೇ ಇರುವುದೇ ಸರಿ. ಕಪ್ಪು, ಕಂದು, ನೀಲಿ ಬಣ್ಣಗಳಿಗೆ ಇಲ್ಲಿ ಬೆಲೆ ಇಲ್ಲ. ಅದು ಹೂತ ಮಣ್ಣಿನ ಬಣ್ಣ.

ಹಲ್ಲು ಬದಲಾಗುವ ಬಗೆಯೂ ಗುರುತು ಕೊಡುತ್ತದೆ. ಲೆಪಿಡೋಟಿಸ್ ಬಳಗದಲ್ಲಿ ಹೊಸ ಹಲ್ಲು ಹಳೆಯದರ ಅಡಿಯಲ್ಲಿ ತಲೆಕೆಳಗಾಗಿ ಹುಟ್ಟಿ, ಮೇಲೇರುವಾಗ 180 ಡಿಗ್ರಿ ಹೊರಳುತ್ತದೆ. ಮುರಿದ ದವಡೆಯಲ್ಲಿ ಕೆಳಮುಖದ ಮಣಿ ಕಂಡರೆ ಗುರುತು ಮುಗಿಯಿತು. ಪಿಕ್ನೊಡಾಂಟ್‌ಗಳದು ಹೀಗಲ್ಲ. ದವಡೆ ಬೆಳೆದಂತೆ ಸಾಲಿನ ಹಿಂಬದಿಗೆ ಹೊಸ ಹಲ್ಲು ಸೇರುತ್ತ ಹೋಗುತ್ತವೆ. ನಡುವಿನದು ಮುರಿದರೆ ಆ ಖಾಲಿ ಜಾಗದಲ್ಲಿ ಸಣ್ಣ ಹಲ್ಲುಗಳು, ಕೆಲವೊಮ್ಮೆ ಒಂದರ ಬದಲು ಎರಡು ಮೂರು, ತುಂಬಿಕೊಳ್ಳುತ್ತವೆ. 2021ರಲ್ಲಿ ಸಿ.ಟಿ. ಸ್ಕ್ಯಾನ್ ಸಹಿತ ಇದನ್ನು ತೋರಿಸಿದ್ದಾರೆ.

ಈ ಅರಿವಿನಿಂದ ಒಂದು ವೋಮರನ್ನು ಕೈಗೆತ್ತಿಕೊಂಡು ನೋಡಿ. ಹಿಂದಿನ ಹಲ್ಲುಗಳ ನೆತ್ತಿಯ ಕಾಲುವೆ ಇನ್ನೂ ಗರಿಗರಿಯಾಗಿದೆ, ಅವು ಹೊಸವು. ಮುಂದಕ್ಕೆ ಬಂದಂತೆ ಕಾಲುವೆ ಮಾಸುತ್ತದೆ, ನೆತ್ತಿ ಚಪ್ಪಟೆಯಾಗುತ್ತದೆ, ಕೊನೆಗೆ ನಡುಸಾಲಿನ ಮುಂದಿನ ಹಲ್ಲುಗಳಲ್ಲಿ ಹೊಳಪಿನ ಹೊರಪದರವೇ ತೂತಾಗಿ ಒಳಗಿನ ಮಾಸಲು ಭಾಗ ಬಟ್ಟಲಿನಂತೆ ತಗ್ಗಾಗಿರುತ್ತದೆ. ಒಂದೇ ತಟ್ಟೆಯಲ್ಲಿ ಆ ಮೀನಿನ ಊಟದ ಪೂರ್ತಿ ಚರಿತ್ರೆ ಹಿಂದಿನಿಂದ ಮುಂದಕ್ಕೆ ಬರೆದಿಟ್ಟ ಹಾಗಿದೆ. ಗಟ್ಟಿ ಏನನ್ನೋ ವರ್ಷಗಟ್ಟಲೆ ಅರೆದಿದೆ ಎಂಬುದಕ್ಕೆ ಆಕಾರಕ್ಕಿಂತ ಈ ಸವೆತವೇ ನೇರ ಸಾಕ್ಷಿ. ಆಮ್ಲತೊಟ್ಟಿಯವರು ಹೇಳಿದ್ದು ಇಲ್ಲಿ ತುಂಬ ಮುಖ್ಯ: ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಹಲ್ಲಿನ ಮೇಲ್ಮೈ ಕೊರೆದುಹೋಗಿ ಸವೆತದ ಗೀರುಗಳು ಮಾಯವಾಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಗೀರು ಓದುವ ಉದ್ದೇಶವಿದ್ದರೆ ಹಲ್ಲಿನ ನೆತ್ತಿಯ ಅಚ್ಚನ್ನು ಸಿಲಿಕೋನ್ ರಬ್ಬರ್‌ನಲ್ಲಿ ಮೊದಲೇ ತೆಗೆದುಕೊಳ್ಳಿ.

ಒಂದು ಸಂಗತಿ ಜತೆಗೆ: ಮಧ್ಯಯುಗದ ಯುರೋಪಿನಲ್ಲಿ ಲೆಪಿಡೋಟಿಸ್ ಹಲ್ಲನ್ನು ಕಪ್ಪೆಯ ತಲೆಯಲ್ಲಿ ಹುಟ್ಟುವ ಮಣಿ ಎಂದು ನಂಬಿ, ವಿಷಕ್ಕೆ ಪರಿಹಾರವೆಂದು ಉಂಗುರಕ್ಕೆ ಕೂರಿಸುತ್ತಿದ್ದರು. ನಮ್ಮಲ್ಲಿ ನಾಗಮಣಿ, ಅವರಲ್ಲಿ ಕಪ್ಪೆಮಣಿ.

ಕೂರ್ಮಶಿಲೆ:
ಟೈಕೋಡಸ್ ಹೆಸರು ಬಂತಲ್ಲ, ಈ ಚರ್ಚೆಗೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಕ್ರಿಟೇಷಿಯಸ್ ಕಡಲಿನ ಈ ಶಾರ್ಕ್‌ನ ಹಲ್ಲು ಮತ್ತು ಕೆಲವು ಬೆನ್ನೆಲುಬಿನ ಬಿಲ್ಲೆ ಬಿಟ್ಟರೆ ಹೆಚ್ಚೇನೂ ಸುಮಾರು ಎರಡು ಶತಮಾನ ಕೈಗೆ ಸಿಕ್ಕಿರಲಿಲ್ಲ. ಹಲ್ಲು ಅರೆಯುವ ಹಾಸುಗಲ್ಲು. ಆದ್ದರಿಂದ ಅದನ್ನು ತಳದಲ್ಲಿ ನಿಧಾನಕ್ಕೆ ತೆವಳಿಕೊಂಡು ಕಪ್ಪೆಚಿಪ್ಪು ತಿನ್ನುವ ಮೀನಾಗಿ ಚಿತ್ರಿಸುತ್ತಿದ್ದರು, ಕೆಲವರು ತೊರಕೆಯ ನೆಂಟ ಎಂದೂ ಹೇಳಿದರು. ಮೆಕ್ಸಿಕೊದ ವಾಯೆಸಿಯೊ ಎಂಬಲ್ಲಿಯ ಸುಣ್ಣಕಲ್ಲಿನಿಂದ ಮೈಯ ಗೆರೆಸಮೇತ ಪೂರ್ತಿ ಮಾದರಿಗಳು ಸಿಕ್ಕು 2024ರಲ್ಲಿ ಪ್ರಕಟವಾದವು. ಮೈ ಟಾರ್ಪಿಡೊ. ದೊಡ್ಡ ಬಿಳಿ ಶಾರ್ಕ್‌ನ ಗಣಕ್ಕೇ ಸೇರಿದ್ದು. ತೆರೆದ ಕಡಲಲ್ಲಿ ವೇಗವಾಗಿ ಈಜಿ ಅಮೊನೈಟ್, ಕಡಲಾಮೆಯಂಥ ಚಿಪ್ಪಿನ ಪ್ರಾಣಿಗಳನ್ನು ಹಿಡಿದಿರಬಹುದು ಎನ್ನುವುದು ಈಗಿನ ಓದು.

ಹಲ್ಲು ಸುಳ್ಳು ಹೇಳಿರಲಿಲ್ಲ. ‘ಗಟ್ಟಿಯದನ್ನು ಒಡೆಯುತ್ತೇನೆ’ ಎಂದಷ್ಟೇ ಹೇಳಿತ್ತು. ಗಟ್ಟಿಯದು ತಳದಲ್ಲೇ ಇರುತ್ತದೆ ಎಂದು ಸೇರಿಸಿಕೊಂಡವರು ನಾವು.

ಸನ್ನೆಕೋಲು:
ಈ ವಾಕ್ಯವನ್ನು ಎತ್ತಿಟ್ಟುಕೊಳ್ಳುತ್ತೇನೆ. ಹಲ್ಲು, ದವಡೆ ಹೇಳುವುದು ಬಾಯಿಗೆ ಏನು ಸಾಧ್ಯವಿತ್ತು ಎಂಬುದನ್ನು. ಮೈ, ರೆಕ್ಕೆ ಹೇಳುವುದು ಎಂಥ ಓಟ ಸಾಧ್ಯವಿತ್ತು ಎಂಬುದನ್ನು. ನಿಜಕ್ಕೂ ಏನು ತಿಂದಿತು ಎಂದು ಹೇಳುವುದು ಹೊಟ್ಟೆ ಮಾತ್ರ. ಪಿಕ್ನೊಡಾಂಟ್‌ಗಳ ಹೊಟ್ಟೆಯ ಜಾಗದಲ್ಲಿ ಸೀ ಅರ್ಚಿನ್ ಮುಳ್ಳು, ಚಿಪ್ಪಿನ ಚೂರು ಸಿಕ್ಕಿರುವುದರಿಂದಲೇ ಅವುಗಳ ವಿಷಯದಲ್ಲಿ ನಮಗೆ ಇಷ್ಟು ಧೈರ್ಯ.

ಆಮ್ಲತೊಟ್ಟಿ:
ಹೊಟ್ಟೆಯ ಸಾಕ್ಷಿಗೂ ಒಂದು ಎಚ್ಚರಿಕೆ ಬೇಕು. ಚೂರುಗಳು ಪಕ್ಕೆಲುಬುಗಳ ಒಳಗೇ ಇವೆಯೇ, ಸುತ್ತಲಿನ ಕಲ್ಲಿನಲ್ಲೂ ಅದೇ ಚೂರುಗಳಿವೆಯೇ ಎಂದು ಎರಡೂ ಕಡೆ ನೋಡಬೇಕು. ಸುತ್ತಲೂ ಇದ್ದರೆ ಅದು ತಳದ ಕಸ. ಪಕ್ಕೆಲುಬಿನೊಳಗೆ ಮಾತ್ರ ಒತ್ತಾಗಿದ್ದು, ಅಂಚುಗಳು ಜೀರ್ಣರಸದಿಂದ ಮೊಂಡಾಗಿದ್ದರೆ ಊಟ.

ಬಾಯಲ್ಲಿದ್ದದ್ದೆಲ್ಲ ಊಟವಲ್ಲ ಎಂಬುದಕ್ಕೆ ಜೋಲ್ನ್‌ಹೋಫನ್ ಪ್ರದೇಶದ ಥಾರ್ಸಿಸ್ ಎಂಬ ಮೀನು ಸಾಕ್ಷಿ. ಸ್ಕ್ವಿಡ್‌ನ ಅಳಿದುಹೋದ ಬಂಧುವಾದ ಬೆಲೆಮ್ನೈಟ್‌ನ ಗಟ್ಟಿ ಕಡ್ಡಿ ಬಾಯಿಂದ ಹೊಕ್ಕು ಕಿವಿರಿನಿಂದ ಹೊರಚಾಚಿ ಸಿಕ್ಕಿಕೊಂಡ ಹಲವು ಮಾದರಿಗಳನ್ನು 2025ರಲ್ಲಿ ವಿವರಿಸಿದ್ದಾರೆ. ಥಾರ್ಸಿಸ್ ಸಣ್ಣ ಹಲ್ಲಿನ, ನೀರಿನಲ್ಲಿ ತೇಲುವ ಪುಟ್ಟ ಆಹಾರ ಹೀರುವ ಮೀನು. ಸತ್ತು ತೇಲುತ್ತಿದ್ದ ಬೆಲೆಮ್ನೈಟ್ ಮೇಲಿನ ಪಾಚಿಯಂಥದ್ದನ್ನು ಹೀರಲು ಹೋಗಿ ಉಸಿರುಕಟ್ಟಿ ಸತ್ತಿರಬೇಕು. ಬಾಯಲ್ಲಿರುವುದನ್ನಷ್ಟೇ ನೋಡಿ ಬೆಲೆಮ್ನೈಟ್ ಬೇಟೆಗಾರ ಎಂದಿದ್ದರೆ ಪೂರ್ತಿ ತಲೆಕೆಳಗು.

ಹೊಸ ಸದಸ್ಯ ತೇಲುಸೌದೆ:
ಎಲ್ಲರಿಗೂ ವಂದನೆ. ಇಂಥ ಮೀನುಗಳು ನಮ್ಮ ಹತ್ತಿರದಲ್ಲಿ ಎಲ್ಲಿ ಸಿಗುತ್ತವೆ? ಕರ್ನಾಟಕದಲ್ಲಿ ಹುಡುಕಬಹುದೇ?

ಶಿಲಾಪದರ:
ವಂದನೆ ತೇಲುಸೌದೆಯವರೇ. ನಮ್ಮ ರಾಜ್ಯದ ಬಹುಪಾಲು ನೆಲ 250 ಕೋಟಿ ವರ್ಷಕ್ಕೂ ಹಳೆಯ ನೈಸ್, ಗ್ರಾನೈಟ್, ಶಿಸ್ಟ್. ಮೀನು ಎಂಬುದು ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಕಲ್ಲು. ಅದರಲ್ಲಿ ಹುಡುಕಿ ಫಲವಿಲ್ಲ. ಉತ್ತರದಲ್ಲಿರುವುದು ಡೆಕ್ಕನ್ ಲಾವಾ. ಅಕ್ಕಪಕ್ಕದಲ್ಲಿ ಮಾತ್ರ ಒಳ್ಳೆಯ ಜಾಗಗಳಿವೆ.

ಪ್ರಾಣಹಿತಾ–ಗೋದಾವರಿ ಕಣಿವೆಯ ಕೋಟಾ ಪದರಗಳು, ಮಹಾರಾಷ್ಟ್ರದ ಸಿರೋಂಚಾ ಬಳಿ, ಜುರಾಸಿಕ್ ಸುಣ್ಣಕಲ್ಲು. ಕರ್ನಲ್ ಸೈಕ್ಸ್ ಕಾಲದಿಂದ, ಅಂದರೆ 1850ರ ದಶಕದಿಂದ, ಅಲ್ಲಿಯ ಮೀನುಗಳು ದಾಖಲಾಗಿವೆ. ಲೆಪಿಡೋಟಿಸ್ ಡೆಕ್ಕನೆನ್ಸಿಸ್ ಅಲ್ಲಿಯದೇ. ಪ್ಯಾರಾಡಪೀಡಿಯಂ, ಟೆಟ್ರಗೊನೊಲೆಪಿಸ್ ಎಂಬ ಎತ್ತರ ಮೈಯ ಎರಡು ಮೀನುಗಳೂ ಇವೆ. ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಸೋಹನ್ ಲಾಲ್ ಜೈನ್ ಇವುಗಳ ಮೇಲೆ 1970ರ ದಶಕದಲ್ಲಿ ಮುಖ್ಯ ಕೆಲಸ ಮಾಡಿದರು. ಈ ಪದರಗಳು ಬಹುತೇಕ ಸರೋವರದವು ಎಂಬ ಓದು ಬಲವಾಗಿದೆ. ಹವಳದ ಸುಳಿವೇ ಇಲ್ಲದ ನೀರಿನಲ್ಲಿ ತಟ್ಟೆ ಮೈಯ ಮೀನು! ಬಂದರುಕಟ್ಟೆಯವರ ಮಾಂಜಿಗೆ ಇದು ನಮ್ಮದೇ ನೆಲದ ಜೊತೆಗಾರ.

ಚಂದ್ರಪುರದ ಕಡೆಯ ಡೊಂಗರ್‌ಗಾಂವ್‌ನಲ್ಲಿ ಲಮೆಟಾ ಪದರಗಳಿವೆ, ಕ್ರಿಟೇಷಿಯಸ್ ಕೊನೆಯವು. ಅಲ್ಲಿಂದ ಬ್ರಿಟಿಷ್ ಪಳೆಯುಳಿಕೆ ತಜ್ಞ ಸ್ಮಿತ್ ವುಡ್‌ವರ್ಡ್ 1908ರಲ್ಲಿ ಪಿಕ್ನೊಡಸ್ ಲಮೆಟೇ ಎಂಬ ಜಾತಿಯನ್ನು ವಿವರಿಸಿದರು. ಕಡಲಿನ ಗುಂಪಿನ ಮೀನು ಒಳನಾಡಿನ ನೀರಿನ ಪದರದಲ್ಲಿ ಸಿಕ್ಕಿರುವುದು ಪಿಕ್ನೊಡಾಂಟ್‌ಗಳನ್ನು ಬರೇ ಹವಳಕ್ಕೆ ಕಟ್ಟಿಹಾಕಬಾರದು ಎಂಬುದಕ್ಕೆ ಇನ್ನೊಂದು ಕಾರಣ. ಟೈಕೋಡಸ್ ಹಲ್ಲು ತಮಿಳುನಾಡಿನಲ್ಲಿ ಕಾವೇರಿ ಜಲಾನಯನದ ಕ್ರಿಟೇಷಿಯಸ್ ಪದರಗಳಿಂದ ದಾಖಲಾಗಿದೆ.

ಎಲ್ಲಿಗೆ ಹೋದರೂ ಯಾವ ಜಾಗ, ಯಾವ ಪದರ, ಪದರದ ತಳದಿಂದ ಎಷ್ಟು ಸೆಂ.ಮೀ. ಮೇಲೆ, ಯಾವ ಮಗ್ಗುಲು ಮೇಲಿತ್ತು ಎಂದು ಅಲ್ಲೇ ಬರೆಯಿರಿ. ಈ ಚೀಟಿ ಇಲ್ಲದ ಹಲ್ಲಿನಿಂದ ಪರಿಸರದ ಬಗ್ಗೆ ಒಂದು ಮಾತೂ ಹೊರಡಿಸಲಾಗದು.

ಬಂದರುಕಟ್ಟೆ:
ಒಂದು ಪ್ರಶ್ನೆ ಉಳಿದಿದೆ. ಪಿಕ್ನೊಡಾಂಟ್‌ಗಳಲ್ಲಿ ಒಂದಾದರೂ ಚಿಪ್ಪು ಬಿಟ್ಟು ಬೇರೆ ದಾರಿ ಹಿಡಿದದ್ದಿದೆಯೇ? ಇಲ್ಲವಾದರೆ ಗುಂಪಿನ ಹೆಸರು ನೋಡಿಯೇ ಊಟ ಹೇಳಬಹುದಲ್ಲ.

ಗಂಟಲುಹಲ್ಲು:
ಇದೆ, ಅದೂ ಬೆರಗು ಹುಟ್ಟಿಸುವಂಥದ್ದು. ದಕ್ಷಿಣ ಜರ್ಮನಿಯ ಎಟ್ಲಿಂಗ್ ಗಣಿಯಲ್ಲಿ ಸಿಕ್ಕಿ 2018ರಲ್ಲಿ ಪ್ರಕಟವಾದ ಪಿರಾನ್ಹಮೆಸೊಡಾನ್, ಸುಮಾರು 15 ಕೋಟಿ ವರ್ಷ ಹಿಂದಿನದು. ಮೈ, ತಲೆ ನೋಡಿದರೆ ಪಿಕ್ನೊಡಾಂಟ್ ಎಂಬುದರಲ್ಲಿ ಸಂಶಯವಿಲ್ಲ. ಹಲ್ಲಿರುವುದೂ ಅವೇ ಮೂಳೆಗಳ ಮೇಲೆ. ಗುಂಡು ಮಣಿಗಳು ಇರಬೇಕಾದ ವೋಮರಿನ ಹೊರಅಂಚಿನಲ್ಲಿ ಉದ್ದನೆಯ ಚೂಪು ಹಲ್ಲುಗಳು, ಪ್ರಿಆರ್ಟಿಕ್ಯುಲರ್ ಮೇಲೆ ಗರಗಸದ ಅಂಚಿನ ಮುಕ್ಕೋನ ಹಲ್ಲುಗಳು. ಒರಳು ಹೋಗಿ ಕತ್ತರಿ ಬಂದಿದೆ. ಅದೇ ಗಣಿಯಲ್ಲಿ ರೆಕ್ಕೆ ಕತ್ತರಿಸಿಹೋದ ಬೇರೆ ಮೀನುಗಳೂ ಸಿಕ್ಕಿವೆ. ಇಂದಿನ ಪಿರಾನ್ಹಗಳೂ ಇತರ ಮೀನುಗಳ ರೆಕ್ಕೆ ಕಚ್ಚಿ ತಿನ್ನುತ್ತವೆ, ರೆಕ್ಕೆ ಮತ್ತೆ ಬೆಳೆಯುವುದರಿಂದ ಅದು ಮುಗಿಯದ ಊಟ.

ಸನ್ನೆಕೋಲು ಅವರ ಲೆಕ್ಕ ಇಲ್ಲಿಗೂ ಹೊಂದುತ್ತದೆ. ಚಿಪ್ಪು ಒಡೆಯಲು ರೂಪುಗೊಂಡ ಮೋಟು, ಬಲವಾದ ದವಡೆಗೆ ಹಲ್ಲೊಂದು ಬದಲಾದರೆ ಮಾಂಸ, ರೆಕ್ಕೆ ಕತ್ತರಿಸುವ ಬಲ ಆಗಲೇ ಸಿದ್ಧವಿರುತ್ತದೆ. ಎತ್ತರದ ತಟ್ಟೆ ಮೈಯೂ ಗಕ್ಕನೆ ತಿರುಗಿ ಒಂದು ತುತ್ತು ಕಿತ್ತು ಸರಿಯಲು ಸಾಕು. ಹಾಗಾಗಿ ಗುಂಪಿನ ಹೆಸರಿನ ಮೇಲೆ ಊಟ ಬರೆಯಬೇಡಿ. ವೋಮರನ್ನು ತಿರುಗಿಸಿ, ಹೊರಅಂಚಿನ ಸಾಲನ್ನು ಮಸೂರದಡಿ ನೋಡಿ, ಆಮೇಲೆ ಬರೆಯಿರಿ. ಪಿರಾನ್ಹಮೆಸೊಡಾನ್‌ನ ಒಂದೇ ಮಾದರಿ ಸಿಕ್ಕಿರುವುದು. ಹಳೆಯ ಸಂಗ್ರಹಗಳಲ್ಲಿ ಬಾಯಿಮುಚ್ಚಿ ಮಲಗಿರುವ ಸಣ್ಣ ಪಿಕ್ನೊಡಾಂಟ್‌ಗಳನ್ನು ಸಿ.ಟಿ. ಯಂತ್ರದಲ್ಲಿಟ್ಟು ನೋಡಿದರೆ ಇನ್ನೊಂದು ಸಿಗಬಹುದು.